ಹಾಲಿನ ಪ್ಯಾಕೆಟ್ಟಿನ ಮೂಲೆಯಿಂದ ರಾಗಿ ಹೊಲದವರೆಗೆ

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದಾಗ ಉಗುರಿನಗಲದ ಒಂದು ತ್ರಿಕೋನ ಕೆಳಗೆ ಬೀಳುತ್ತದೆ. ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಒಣ ಕಸಕ್ಕೆ ಹಾಕುವ ಶಿಸ್ತಿನ ಮನೆಗಳಲ್ಲೂ ಈ ಮೂಲೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಹುರುಳಿಕಾಯಿ ನಾರು, ಕಾಫಿ ಚರಟ, ಬಾಳೆಹಣ್ಣಿನ ಸಿಪ್ಪೆಯ ಜೊತೆ ಅದೂ ಹಸಿರು ಬುಟ್ಟಿ ಸೇರುತ್ತದೆ. ಬುಟ್ಟಿಯಿಂದ ಆಟೋ ಟಿಪ್ಪರ್, ಟಿಪ್ಪರಿನಿಂದ ಕಸ ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿ, ಅಲ್ಲಿಂದ ಊರಂಚಿನ ಗೊಬ್ಬರದ ಘಟಕ.

ಘಟಕದಲ್ಲಿ ತಿಂಗಳು, ಒಂದೂವರೆ ತಿಂಗಳು ಕೊಳೆತ ರಾಶಿಯನ್ನು ಜರಡಿ ಹಿಡಿಯುತ್ತಾರೆ. ಮೊದಲನೆಯ ಜರಡಿಯ ಕಣ್ಣು ಸಾಮಾನ್ಯವಾಗಿ 35 ಮಿಲಿಮೀಟರ್. ಕವರು, ಚಪ್ಪಲಿ, ಬಟ್ಟೆ ಅಲ್ಲೇ ನಿಲ್ಲುತ್ತವೆ. ನಮ್ಮ ತ್ರಿಕೋನ ಸಲೀಸಾಗಿ ಕೆಳಗಿಳಿಯುತ್ತದೆ. ಮುಂದಿನ 16 ಮಿಲಿಮೀಟರ್ ಜರಡಿಯಲ್ಲೂ ಅದೇ ಕತೆ. ಕೊನೆಯದು 4 ಮಿಲಿಮೀಟರ್. ಇಡಿಯಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಆದರೆ ಅಷ್ಟು ಹೊತ್ತಿಗೆ ರಾಶಿಯನ್ನು ಜೆಸಿಬಿ ನಾಲ್ಕೈದು ಸಲ ಮಗುಚಿರುತ್ತದೆ, ಬಿಸಿಲು ಬಿದ್ದಿರುತ್ತದೆ, ತೆಳು ಹಾಳೆ ಹರಿದಿರುತ್ತದೆ. ಹರಿದ ಚೂರುಗಳು ಗೊಬ್ಬರದ ಜೊತೆಗೇ ಚೀಲ ಸೇರಿ ಹೊಲಕ್ಕೆ ಹೋಗುತ್ತವೆ. ಮಣ್ಣಿಗೆ ಬೆರೆತ ಅಂಥ ಚೂರುಗಳನ್ನು ಹೆಕ್ಕಿ ತೆಗೆಯುವುದು ಆಗದ ಮಾತು.

ಮನೆ ಮನೆಯಿಂದ ಹಸಿ ಕಸ ಸಂಗ್ರಹಿಸಿ ಗೊಬ್ಬರವನ್ನೋ ಅನಿಲವನ್ನೋ ಮಾಡುವ ವ್ಯವಸ್ಥೆಯ ಬಗ್ಗೆ ಮಾತು ಬಂದಾಗಲೆಲ್ಲ ಲಾರಿ, ಟೆಂಡರು, ಯಂತ್ರ, ಘಟಕದ ಸಾಮರ್ಥ್ಯ ಇವುಗಳದೇ ಚರ್ಚೆ. ಅವೆಲ್ಲ ಬೇಕು. ಆದರೆ ಹಸಿ ಕಸ ಕೆಡುವುದು ಮುಖ್ಯವಾಗಿ ಎರಡು ವಸ್ತುಗಳಿಂದ. ಒಂದು ಪ್ಲಾಸ್ಟಿಕ್, ಇನ್ನೊಂದು ನೀರು. ಎರಡೂ ಬುಟ್ಟಿಗೆ ಬೀಳುವುದು ಅಡುಗೆಮನೆಯಲ್ಲಿ, ಎರಡನ್ನೂ ಸುಲಭವಾಗಿ, ಖರ್ಚಿಲ್ಲದೆ ತಡೆಯಬಹುದಾದ ಜಾಗವೂ ಅದೊಂದೇ. ಅಲ್ಲಿಂದ ಮುಂದೆ ಒಂದೊಂದು ಹಂತ ದಾಟಿದಂತೆಯೂ ಸರಿಪಡಿಸುವ ಖರ್ಚು ಏರುತ್ತದೆ, ಫಲಿತಾಂಶ ಇಳಿಯುತ್ತದೆ.

ಬೆಂಗಳೂರಿಗೆ ಈ ಪಾಠ ಅಗ್ಗದಲ್ಲಿ ಸಿಗಲಿಲ್ಲ. ಬೇರ್ಪಡಿಸದ ಕಸ ವರ್ಷಗಟ್ಟಲೆ ಊರಾಚೆಯ ಮಾವಳ್ಳಿಪುರದ ಕಸ ಸುರಿಯುವ ಜಾಗಕ್ಕೆ ಹೋಯಿತು. ಅಲ್ಲಿನ ಹಳ್ಳಿಗರ ನೀರು ಕೆಟ್ಟು, ಹೋರಾಟ ನಡೆದು, 2012ರಲ್ಲಿ ಅದು ಮುಚ್ಚಿತು. ಆಮೇಲೆ ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಆ ಊರಿನವರೂ ರಸ್ತೆಗಿಳಿದರು, ಆ ವರ್ಷದ ಕೊನೆಗೆ ಅಲ್ಲಿಗೂ ಲಾರಿ ನಿಂತಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಇಡೀ ನಗರಕ್ಕೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಪ್ಯಾಡು, ಡೈಪರಿನಂಥವು, ಚೀಲಕ್ಕೆ ಒಣ ಕಸ. 2016ರ ಏಪ್ರಿಲ್‌ನಲ್ಲಿ ಕೇಂದ್ರದ ಘನತ್ಯಾಜ್ಯ ನಿಯಮಗಳೂ ಬಂದು, ಮನೆಯಲ್ಲೇ ಬೇರ್ಪಡಿಸುವುದು ದೇಶಕ್ಕೆಲ್ಲ ಕಾನೂನಾಯಿತು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜರಿದು ಪಕ್ಕದ ಮಂದಾರ ಎಂಬ ಊರಿನ ಮನೆಗಳ ಮೇಲೆ, ಅಡಿಕೆ ತೋಟಗಳ ಮೇಲೆ ಹರಿದದ್ದನ್ನು ಮರೆಯುವಂತಿಲ್ಲ. ಹಸಿ ಕಸವನ್ನು ಗಾಳಿಯಾಡದಂತೆ ಮೀಟರುಗಟ್ಟಲೆ ಒಟ್ಟಿದರೆ ಅದು ಒಳಗೊಳಗೇ ಕೊಳೆತು ಮೀಥೇನ್ ಬಿಡುತ್ತದೆ, ಕರಿ ರಸ ಬಿಡುತ್ತದೆ, ಮಳೆ ನೀರು ಕುಡಿದು ಭಾರವಾಗಿ ಜಾರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಅದೇ ಸಿಪ್ಪೆ ಗಾಳಿಯಲ್ಲಿ ಕೊಳೆತರೆ ಗೊಬ್ಬರ.

ನೀರಿನ ಲೆಕ್ಕ

ಪ್ಲಾಸ್ಟಿಕ್ಕಿನ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ನೀರಿನ ಬಗ್ಗೆ ಯಾರೂ ಹೇಳುವುದಿಲ್ಲ. ಹಿಂದೆ ಕಲಗಚ್ಚು ಹಸುವಿನ ಬಾನಿಗೆ ಹೋಗುತ್ತಿತ್ತು, ಸಿಪ್ಪೆ ತಿಪ್ಪೆಗೆ ಹೋಗುತ್ತಿತ್ತು. ದ್ರವ ಬೇರೆ, ಘನ ಬೇರೆ ಎಂಬ ವಿವೇಕ ಮನೆಯ ವ್ಯವಸ್ಥೆಯಲ್ಲೇ ಇತ್ತು. ಈಗ ಮಿಕ್ಕ ಸಾರು, ಹುಳಿ, ಮಜ್ಜಿಗೆ, ಹುಣಸೆ ಗಷ್ಟು ಎಲ್ಲವೂ ಒಂದೇ ಬುಟ್ಟಿಗೆ.

ಅಡುಗೆಮನೆಯ ಹಸಿ ಕಸದಲ್ಲಿ ಹೊರಗಿನಿಂದ ನೀರು ಬೀಳದಿದ್ದರೂ ಮುಕ್ಕಾಲು ಪಾಲು ನೀರೇ. ಗೊಬ್ಬರವಾಗಬೇಕಾದರೆ ರಾಶಿಯಲ್ಲಿ ತೇವ ಶೇ. 50ರಿಂದ 60ರೊಳಗಿರಬೇಕು. ಅದಕ್ಕಿಂತ ಹೆಚ್ಚಾದರೆ ಚೂರುಗಳ ನಡುವಿನ ಸಂದಿಗಳನ್ನು ನೀರು ತುಂಬಿಕೊಂಡು ಗಾಳಿ ಹೊರಗಾಗುತ್ತದೆ, ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಸಾಯುತ್ತವೆ, ಗಾಳಿ ಬೇಡದವು ಮೇಲುಗೈಯಾಗಿ ನಾತ ಏಳುತ್ತದೆ. ಮೂರು ಕೆಜಿ ಸಿಪ್ಪೆಗೆ ಒಂದು ಕೆಜಿ ಒಣ ಎಲೆ ಬೆರೆಸಿದಿರಿ ಎನ್ನೋಣ. ಸಿಪ್ಪೆಯಲ್ಲಿ 2.25 ಕೆಜಿ ನೀರು, ಒಣ ಎಲೆಯಲ್ಲಿ ನೂರಿಪ್ಪತ್ತು ಗ್ರಾಂನಷ್ಟು. ಒಟ್ಟು ನಾಲ್ಕು ಕೆಜಿಯಲ್ಲಿ 2.37 ಕೆಜಿ ನೀರು, ಅಂದರೆ ಶೇ. 59. ಅಂಚಿನಲ್ಲಿದೆ, ಆದರೆ ಸರಿಯಾಗಿದೆ. ಅದೇ ಸಿಪ್ಪೆಯ ಮೇಲೆ ಅರ್ಧ ಲೀಟರ್ ತಿಳಿಸಾರು ಸುರಿದರೆ ತೇವ ಶೇ. 64ಕ್ಕೆ ಹೋಗುತ್ತದೆ. ಆ ಅರ್ಧ ಲೀಟರ್ ಸಾರಿಗಾಗಿ ಇನ್ನೂ ಸುಮಾರು ನಾಲ್ಕು ನೂರು ಗ್ರಾಂ ಒಣ ಎಲೆ ಹುಡುಕಬೇಕು. ಟನ್ನುಗಟ್ಟಲೆ ಕಸ ಬರುವ ಘಟಕದಲ್ಲಿ ಆ ಎಲೆ ಎಲ್ಲಿಂದ ಬರಬೇಕು?

ಮೂರಕ್ಕೆ ಒಂದು ಎಂಬ ಅಳತೆ ಇನ್ನೊಂದು ಲೆಕ್ಕಕ್ಕೂ ಕೂಡಿಬರುತ್ತದೆ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆ ಕಸದಲ್ಲಿ ಈ ಪ್ರಮಾಣ 15ರಿಂದ 20, ಒಣ ಎಲೆಯಲ್ಲಿ 40ರಿಂದ 60. ಮೇಲಿನ ಬೆರಕೆಯಲ್ಲಿ ಅದು ಸುಮಾರು 26 ಆಗುತ್ತದೆ. ತೂಕದಲ್ಲಿ ಮೂರಕ್ಕೆ ಒಂದು ಎಂದರೆ ಎಲೆ ಹಗುರವಾದ್ದರಿಂದ, ಪುಡಿಮಾಡಿ ಒತ್ತಿ ತುಂಬಿದರೆ, ಬುಟ್ಟಿಯ ಅಳತೆಯಲ್ಲಿ ಹೆಚ್ಚುಕಡಿಮೆ ಒಂದಕ್ಕೊಂದು. ತಕ್ಕಡಿ ಇಲ್ಲದವರು ಒಂದು ಬುಟ್ಟಿ ಸಿಪ್ಪೆಗೆ ಒತ್ತಿ ತುಂಬಿದ ಒಂದು ಬುಟ್ಟಿ ಎಲೆ ಎಂದು ನೆನಪಿಟ್ಟುಕೊಂಡರೆ ಸಾಕು.

ಆದ್ದರಿಂದ ಸಿಂಕಿನ ಪಕ್ಕದಲ್ಲಿ ಮೊದಲು ಬೇಕಾದದ್ದು ಬುಟ್ಟಿಯಲ್ಲ, ತೂತಿನ ಪಾತ್ರೆ. ಹಳೆಯ ಅನ್ನ ಬಸಿಯುವ ಜರಡಿ ಸಾಕು. ಮಿಕ್ಕ ಸಾಂಬಾರು, ನೆನೆಸಿದ ಕಾಳು, ಪಾತ್ರೆಯ ಮುಸುರೆ ಎಲ್ಲವನ್ನೂ ಅದರಲ್ಲಿ ಹಾಕಿ ಹತ್ತು ನಿಮಿಷ ಬಿಟ್ಟು, ನೀರಿಳಿದ ಮೇಲೆ ಬುಟ್ಟಿಗೆ ಹಾಕಿ. ಕಾಫಿ, ಟೀ ಚರಟವನ್ನು ಒಮ್ಮೆ ಹಿಂಡಿ. ಕರಿದ ಎಣ್ಣೆಯನ್ನು ಬುಟ್ಟಿಗೂ ಸಿಂಕಿಗೂ ಸುರಿಯಬಾರದು: ಬುಟ್ಟಿಯಲ್ಲಿ ಅದು ಸಿಪ್ಪೆಗೆ ಪೊರೆ ಕಟ್ಟಿ ಗಾಳಿ ತಡೆಯುತ್ತದೆ, ಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಂದೆರಡು ಚಮಚದಷ್ಟಾದರೆ ಕಾಗದದಲ್ಲಿ ಒರೆಸಿ ಆ ಕಾಗದವನ್ನು ಹಸಿ ಕಸಕ್ಕೆ ಹಾಕಬಹುದು.

ಬುಟ್ಟಿ

ನಾಲ್ವರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕೆಜಿಯಿಂದ ಒಂದು ಕೆಜಿ ಹಸಿ ಕಸ. ಐದರಿಂದ ಏಳು ಲೀಟರಿನ, ಮುಚ್ಚಳವಿರುವ ಬುಟ್ಟಿ ಸಾಕಾಗುತ್ತದೆ. ದೊಡ್ಡದಿದ್ದರೆ ಎರಡು ದಿನ ಇಟ್ಟುಕೊಳ್ಳುವ ಚಟ ಬರುತ್ತದೆ. ನಮ್ಮ ಸೆಕೆಗೆ ಮೊದಲ ದಿನ ಹುಳಿ ವಾಸನೆ, ಎರಡನೆಯ ದಿನ ಸಹಿಸಲಾಗದ ವಾಸನೆ. ನೊಣದ ಮೊಟ್ಟೆ ಒಂದೇ ದಿನದೊಳಗೆ ಒಡೆದು ಹುಳುವಾಗುತ್ತದೆ. ಹಸಿ ಕಸದ ಗಾಡಿ ದಿನವೂ ಬರಬೇಕೆಂದು ಪಟ್ಟು ಹಿಡಿಯುವುದಕ್ಕೆ ಇದೇ ಕಾರಣ. ಒಣ ಕಸ ವಾರಗಟ್ಟಲೆ ಕಾಯಬಲ್ಲದು. ಮೀನು, ಕೋಳಿಯ ತ್ಯಾಜ್ಯವನ್ನು ಕಾಗದದಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು ಗಾಡಿ ಬರುವ ಹೊತ್ತಿಗೆ ತೆಗೆದು ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಬುಟ್ಟಿಯೊಳಗೆ ಕವರ್ ಹಾಸಬಾರದು. ದಿನಪತ್ರಿಕೆಯ ಎರಡು ಅಗಲ ಹಾಳೆಗಳನ್ನು ಅಡ್ಡಡ್ಡ ಹಾಕಿ ಒತ್ತಿದರೆ ಬುಟ್ಟಿ ಕೊಳೆಯಾಗುವುದಿಲ್ಲ, ತೇವವನ್ನೂ ಕಾಗದ ಹೀರುತ್ತದೆ, ಗಾಡಿಗೆ ಬೋರಲು ಹಾಕಿದಾಗ ಗಂಟಿನಂತೆ ಇಡಿಯಾಗಿ ಬೀಳುತ್ತದೆ. ನುಣುಪಾದ ಬಣ್ಣದ ಪುರವಣಿ ಹಾಳೆ ಬೇಡ, ಅದು ಹೀರುವುದಿಲ್ಲ. ಕೊಳೆಯುವ ಕವರ್ ಎಂದು ಮಾರುವ ಹಸಿರು ಚೀಲಗಳ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅವುಗಳನ್ನು ಪರೀಕ್ಷಿಸುವುದು ಬಿಸಿ ಕಾಯ್ದ ದೊಡ್ಡ ರಾಶಿಯ ಸ್ಥಿತಿಯಲ್ಲಿ, ಸುಮಾರು 58 ಡಿಗ್ರಿ ಶಾಖದಲ್ಲಿ; ಬಹುಪಾಲು ಕರಗಲು ಕೊಡುವ ಅವಧಿ 180 ದಿನದವರೆಗೆ. ಘಟಕದ ರಾಶಿ ಅಷ್ಟು ಕಾಲ ಇರುವುದಿಲ್ಲ. ಅದಕ್ಕೂ ಮುಖ್ಯವಾದದ್ದು, ಗಾಡಿಯ ಬಳಿ ನಿಂತವರಿಗೆ ಗಂಟು ಕಟ್ಟಿದ ಹಸಿರು ಚೀಲ ಕೊಳೆಯುವುದೋ ಮಾಮೂಲಿ ಪ್ಲಾಸ್ಟಿಕ್ಕೋ ಎಂದು ತಿಳಿಯುವುದು ಹೇಗೆ? ಗಂಟು ಬಿಚ್ಚಿ ಕೈಹಾಕಿ ನೋಡಬೇಕು. ಆ ಕೈ ಒಬ್ಬ ಪೌರಕಾರ್ಮಿಕರದು, ಒಳಗೆ ಒಡೆದ ಗಾಜೋ ಇನ್ಸುಲಿನ್ ಸೂಜಿಯೋ ಇದ್ದರೆ ರಕ್ತ ಬರುವುದು ಅವರಿಗೆ. ಗಂಟು ಕಟ್ಟಿದ ಕವರಿನಲ್ಲಿ ಅನ್ನ ಹಾಕಿ ರಸ್ತೆ ಮೂಲೆಗೆ ಎಸೆದರೆ ಬೀದಿಯ ಹಸು ಗಂಟು ಬಿಚ್ಚುವುದಿಲ್ಲ, ಕವರಿನ ಸಮೇತ ನುಂಗುತ್ತದೆ. ಅದು ಹಸುವಿನ ಹೊಟ್ಟೆಯಲ್ಲೇ ಉಳಿಯುತ್ತದೆ, ವರ್ಷ ಕಳೆದಂತೆ ಬೆಳೆಯುತ್ತದೆ.

ಇನ್ನು ಆ ಹಾಲಿನ ಪ್ಯಾಕೆಟ್ಟು. ಮೂಲೆಯನ್ನು ಪೂರ್ತಿ ಕತ್ತರಿಸದೆ, ಅಂಚಿನಲ್ಲಿ ಒಂದು ಎಳೆ ಉಳಿಯುವಂತೆ ಕತ್ತರಿ ನಿಲ್ಲಿಸಿದರೆ ಸಾಕು, ತ್ರಿಕೋನ ಪ್ಯಾಕೆಟ್ಟಿಗೇ ಅಂಟಿಕೊಂಡಿರುತ್ತದೆ. ಇದರ ದಾಯಾದಿಗಳು ಇನ್ನೂ ಇದ್ದಾರೆ: ಕೊತ್ತಂಬರಿ, ಕರಿಬೇವಿನ ಕಟ್ಟಿನ ರಬ್ಬರ್ ಬ್ಯಾಂಡು, ಸೇಬಿನ ಮೇಲಿನ ಸ್ಟಿಕ್ಕರು, ಬೆಳ್ಳುಳ್ಳಿಯ ಬಲೆ ಚೀಲದ ಎಳೆ, ಟೀ ಬ್ಯಾಗಿನ ಪಿನ್ನು, ದೇವರ ಹೂವಿನ ಮಾಲೆಯ ನೈಲಾನ್ ದಾರ. ಬಾಳೆ ನಾರಿನಲ್ಲೋ ಹತ್ತಿ ದಾರದಲ್ಲೋ ಕಟ್ಟಿದ ಮಾಲೆ ಹಾಗೇ ಹೋಗಬಹುದು. ಪ್ಲಾಸ್ಟಿಕ್ ದಾರವನ್ನು ಎಳೆದು ತೆಗೆಯಬೇಕು. ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ ಹಸಿ ಕಸ. ಬಾಳೆಲೆಯ ಚಿತ್ರ ಅಚ್ಚು ಹಾಕಿದ ಹೊಳೆಯುವ ಕಾಗದದ ಎಲೆ, ಬೆಳ್ಳಿ ಬಣ್ಣದ ತಟ್ಟೆ, ಕಾಫಿಯ ಕಾಗದದ ಲೋಟ ಇವುಗಳ ಮೇಲೆಲ್ಲ ಪ್ಲಾಸ್ಟಿಕ್ ಪೊರೆಯಿದೆ. ಎಲೆಯ ಮೂಲೆ ಹರಿದು ನೋಡಿ: ಕಾಗದ ಹರಿದರೂ ತೆಳು ಹಾಳೆಯೊಂದು ಎಳೆದಂತೆ ಜಗ್ಗಿದರೆ ಅದು ಹಸಿ ಕಸವಲ್ಲ.

ತೆಂಗಿನ ಕರಟ ಸಸ್ಯದ್ದೇ ಆದರೂ ತಿಂಗಳುಗಟ್ಟಲೆ ಕೊಳೆಯದು, ಕತ್ತರಿಸುವ ಯಂತ್ರದ ಅಲಗನ್ನು ಮೊಂಡು ಮಾಡುತ್ತದೆ. ಎಳನೀರಿನ ಬುರುಡೆಯೂ ಹಾಗೆಯೇ. ಎರಡನ್ನೂ ಬೇರೆ ಇಟ್ಟು ಕೊಡಬೇಕು. ಉಪ್ಪಿನಕಾಯಿ ಜಾಡಿಯಲ್ಲಿ ಮಿಕ್ಕದ್ದನ್ನು ಒಮ್ಮೆಗೇ ಸುರಿಯಬೇಡಿ, ಉಪ್ಪು ಕೊಳೆತು ಹೋಗುವ ವಸ್ತುವಲ್ಲ. ಗೊಬ್ಬರದಲ್ಲೇ ಉಳಿದು ಸಸಿಯ ಬೇರನ್ನು ಸುಡುತ್ತದೆ.

ಹಸಿ ಕಸ ಎಂದರೆ ಯಾವುದು ಎಂಬುದು ಅದು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದರ ಮೇಲಿದೆ, ಈ ಮಾತು ಹೊರದೇಶದಲ್ಲಿರುವ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ದಕ್ಷಿಣ ಕೊರಿಯಾ 2005ರಲ್ಲೇ ಆಹಾರ ತ್ಯಾಜ್ಯವನ್ನು ನೇರವಾಗಿ ಹೂಳುವುದನ್ನು ನಿಷೇಧಿಸಿತು. ಅಲ್ಲಿ ಬಹುಪಾಲು ಪಶು ಆಹಾರಕ್ಕೂ ಗೊಬ್ಬರಕ್ಕೂ ಹೋಗುವುದರಿಂದ ಮೂಳೆ, ಚಿಪ್ಪು, ಮೊಟ್ಟೆಯ ಓಡು, ಈರುಳ್ಳಿ ಸಿಪ್ಪೆ ಆಹಾರ ತ್ಯಾಜ್ಯದ ಬುಟ್ಟಿಗೆ ಬೀಳುವಂತಿಲ್ಲ. ನಮ್ಮಲ್ಲಿ ಈರುಳ್ಳಿ ಸಿಪ್ಪೆಯೂ ಮೊಟ್ಟೆ ಓಡೂ ಗೊಬ್ಬರಕ್ಕೆ ಒಳ್ಳೆಯವು. ಇಂಗ್ಲೆಂಡಿನಲ್ಲಿ 2026ರ ಮಾರ್ಚ್ ಕೊನೆಯೊಳಗೆ ಪ್ರತಿ ಮನೆಯಿಂದ ವಾರಕ್ಕೊಮ್ಮೆ ಆಹಾರ ತ್ಯಾಜ್ಯ ಸಂಗ್ರಹಿಸಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಗಡುವು ಹಾಕಿದರು. ಅಡುಗೆಮನೆಗೊಂದು ಚಿಕ್ಕ ಡಬ್ಬಿ, ಹೊರಗಿಡಲು ಸುಮಾರು 23 ಲೀಟರಿನ ಬೀಗವಿರುವ ಡಬ್ಬಿ. ಅಲ್ಲಿನ ಕಸ ಹೆಚ್ಚಾಗಿ ಅನಿಲ ಘಟಕಕ್ಕೆ ಹೋಗುತ್ತದೆ. ವಾರವಿಡೀ ಇಟ್ಟುಕೊಳ್ಳುವುದು ಅಲ್ಲಿನ ಚಳಿಗೆ ನಡೆಯುತ್ತದೆ. ಆ ಪದ್ಧತಿಯನ್ನು ಕಲಬುರಗಿಗೆ ತಂದರೆ ಮೂರನೆಯ ದಿನ ಬೀದಿಯಲ್ಲಿ ನಿಲ್ಲಲಾಗದು.

ಗಾಡಿ

ಒಂದು ಆಟೋ ಟಿಪ್ಪರಿಗೆ 750 ಮನೆ ಎಂದಿಟ್ಟುಕೊಳ್ಳಿ. ಮನೆಗೆ 800 ಗ್ರಾಂನಂತೆ 600 ಕೆಜಿ ಹಸಿ ಕಸ. ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಹನ್ನೆರಡೂವರೆವರೆಗೆ ಒಂದು ಕ್ಷಣ ನಿಲ್ಲದೆ ದುಡಿದರೂ ಒಂದು ಮನೆಗೆ ಸಿಗುವುದು ಅರ್ಧ ನಿಮಿಷಕ್ಕೂ ಕಡಿಮೆ. ಅದರಲ್ಲೇ ಗಾಡಿ ಮುಂದಕ್ಕೆ ಹೋಗುವುದು, ಬುಟ್ಟಿ ಸುರಿಯುವುದು, ಬೈಗುಳ ಕೇಳುವುದು ಎಲ್ಲ ಆಗಬೇಕು. ಬೇರ್ಪಡಿಸುವ ಕೆಲಸ ಅವರೇ ಮಾಡಿಕೊಳ್ಳಲಿ ಎನ್ನುವವರು ಈ ಅರ್ಧ ನಿಮಿಷವನ್ನು ನೆನೆಯಬೇಕು. ಮನೆಗೊಂದೇ ಕವರ್ ಬಿದ್ದರೂ 750 ಕವರ್, ಒಂದೊಂದು ಐದು ಗ್ರಾಂ ಎಂದರೆ ನಾಲ್ಕು ಕೆಜಿಗೆ ಸ್ವಲ್ಪ ಕಡಿಮೆ ಪ್ಲಾಸ್ಟಿಕ್.

ಟಿಪ್ಪರಿನಲ್ಲಿ ಹಸಿ ಕಸಕ್ಕೂ ಒಣ ಕಸಕ್ಕೂ ನಡುವೆ ತಗಡಿನ ತಡೆ ಇರಬೇಕು. ತಡೆ ಮುರಿದಿದ್ದರೆ, ಅಥವಾ ಎರಡನ್ನೂ ಒಂದೇ ಕಾಂಪ್ಯಾಕ್ಟರಿಗೆ ಸುರಿದರೆ, ಮನೆಗಳಲ್ಲಿ ಪಟ್ಟ ಶ್ರಮ ಅಲ್ಲಿಗೆ ಮುಗಿಯಿತು. ಜನ ಬೇರ್ಪಡಿಸುವುದನ್ನು ಬಿಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ. ಕಣ್ಣೆದುರೇ ಬೆರೆಸಿದ್ದನ್ನು ನೋಡಿದ ಮನೆಯವರು ನಾಳೆಯಿಂದ ಯಾಕೆ ಕಷ್ಟಪಡಬೇಕು? ಹಾಗಾದಾಗ ಗಾಡಿಯವರ ಜೊತೆ ಜಗಳವಾಡುವುದರಿಂದ ಪ್ರಯೋಜನವಿಲ್ಲ. ಗಾಡಿಯ ಸಂಖ್ಯೆ, ವೇಳೆ, ಕಸ ವರ್ಗಾಯಿಸುವ ಜಾಗ ಬರೆದಿಟ್ಟು ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ, ವಾರ್ಡ್ ಸಮಿತಿಯ ಸಭೆಗೆ ಲಿಖಿತವಾಗಿ ಕೊಡಬೇಕು.

ಕಾಂಪ್ಯಾಕ್ಟರ್ ಹಸಿ ಕಸಕ್ಕೆ ಹೇಳಿ ಮಾಡಿಸಿದ ಗಾಡಿ ಅಲ್ಲ. ಒಣ ಕಸ ಒತ್ತಿದರೆ ಕುಗ್ಗುತ್ತದೆ, ಹಸಿ ಕಸ ಒತ್ತಿದರೆ ರಸ ಬಿಡುತ್ತದೆ. ಕೆಳಗಿನ ತೊಟ್ಟಿ ತುಂಬಿದರೆ ಅಥವಾ ಅದರ ರಬ್ಬರ್ ಸವೆದಿದ್ದರೆ ಆ ರಸ ರಸ್ತೆಗೆ. ಅದು ಹುಳಿ, ಜಿಡ್ಡು. ಬೈಕಿನವರು ಜಾರಿ ಬೀಳುತ್ತಾರೆ. ಇಲ್ಲೂ ಸಿಂಕಿನಲ್ಲಿ ಬಸಿಯದೆ ಬಿಟ್ಟ ಸಾರೇ ಹೊರಗೆ ಬರುವುದು.

ರಾಶಿ, ಅನಿಲ, ಯಂತ್ರ

ಬೆಂಗಳೂರಿನಲ್ಲಿ ಕಸದಿಂದ ಗೊಬ್ಬರ ಮಾಡುವುದು ಹೊಸತಲ್ಲ. ಹರಳೂರು ರಸ್ತೆಯ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದು 1975ರಲ್ಲಿ. ಕನ್ನಹಳ್ಳಿ, ಸೀಗೇಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿ, ಚಿಕ್ಕನಾಗಮಂಗಲದ ಘಟಕಗಳು ಆಮೇಲೆ ಬಂದವು. ನಾತದಿಂದಾಗಿ ಸುತ್ತಲಿನವರು ವಿರೋಧಿಸಿದ ಘಟಕಗಳೂ ಇವುಗಳಲ್ಲಿವೆ, ಅವರ ದೂರು ಸುಳ್ಳಲ್ಲ. ಆದರೆ ನಾತ ಗೊಬ್ಬರದ ಗುಣವಲ್ಲ, ಗಾಳಿ ಸಿಗದ ರಾಶಿಯ ಗುಣ.

ಸರಿಯಾದ ರಾಶಿ ಸುಮಾರು ಒಂದೂವರೆ ಮೀಟರ್ ಎತ್ತರ, ಎರಡೂವರೆ ಮೀಟರ್ ಅಗಲದ ಉದ್ದನೆಯ ದಿಂಡು. ತೀರಾ ಚಿಕ್ಕದಾದರೆ ಶಾಖ ನಿಲ್ಲದು, ತೀರಾ ಎತ್ತರವಾದರೆ ತನ್ನ ಭಾರಕ್ಕೇ ಒತ್ತಿ ಗಾಳಿ ಹೋಗದು. ಎರಡು ಮೂರು ದಿನದಲ್ಲಿ ಒಳಗೆ 55ರಿಂದ 65 ಡಿಗ್ರಿ ಬಿಸಿ ಏರಬೇಕು. 55ರ ಮೇಲೆ ಮೂರು ದಿನ ನಿಂತರೆ ರೋಗಾಣುಗಳೂ ಕಳೆ ಬೀಜಗಳೂ ಬಹುಪಾಲು ಸಾಯುತ್ತವೆ, 70 ದಾಟಿದರೆ ಕೆಲಸ ಮಾಡುವ ಜೀವಿಗಳೇ ಸಾಯುತ್ತವೆ. ಉಷ್ಣಮಾಪಕ ಇಲ್ಲದಿದ್ದರೆ ಕಬ್ಬಿಣದ ಸರಳೊಂದನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ರಾಶಿ ಚೆನ್ನಾಗಿದೆ. ವಾರಕ್ಕೊಮ್ಮೆ ಮಗುಚಿ ಹೊರಗಿನದನ್ನು ಒಳಗೆ ಹಾಕಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಮಗುಚಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಸಾರಜನಕ ಹೆಚ್ಚಾಗಿದೆ, ಎಲೆ ಸೇರಿಸಿ. ಇರುವೆ ಬಂದರೆ ಒಣಗಿದೆ, ನೀರು ಚಿಮುಕಿಸಿ. ಬಿಳಿ ಬೂಷ್ಟು ಕಂಡರೆ ಹೆದರಬೇಕಿಲ್ಲ. ನೂರು ಕೆಜಿ ಹಸಿ ಕಸದಿಂದ ಕೊನೆಗೆ ಸಿಗುವುದು 15ರಿಂದ 20 ಕೆಜಿ ಗೊಬ್ಬರ. ಮಿಕ್ಕದ್ದು ಆವಿಯಾಗಿ, ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ.

ಅನಿಲ ಘಟಕದ ದಾರಿ ಬೇರೆ. ಅಲ್ಲಿ ಗಾಳಿಯೇ ಬೇಡ, ನೀರೂ ಅಷ್ಟು ದೊಡ್ಡ ಶತ್ರುವಲ್ಲ. ಅದಕ್ಕೇ ಹೋಟೆಲು, ಛತ್ರ, ಮಾರುಕಟ್ಟೆಯ ಅನ್ನ ಸಾರಿನ ಕಸಕ್ಕೆ ಅದು ಹೆಚ್ಚು ಹೊಂದುತ್ತದೆ. ಒಂದು ಟನ್ ಆಹಾರ ತ್ಯಾಜ್ಯಕ್ಕೆ ಅಂದಾಜು 80ರಿಂದ 100 ಘನಮೀಟರ್ ಅನಿಲ. ನಮ್ಮ 600 ಕೆಜಿ ಟಿಪ್ಪರಿನಿಂದ ಹತ್ತಿರ ಹತ್ತಿರ 24 ಕೆಜಿ ಅಡುಗೆ ಅನಿಲಕ್ಕೆ ಸಮನಾದ ಇಂಧನ, ಅಂದರೆ ಒಂದೂವರೆ ಸಿಲಿಂಡರಿಗಿಂತ ಸ್ವಲ್ಪ ಹೆಚ್ಚು. ಇಲ್ಲಿ ಕೆಡುವುದು ಹೊಟ್ಟೆ ಕೆಟ್ಟಂತೆಯೇ: ಒಮ್ಮೆಗೇ ಹೆಚ್ಚು ಉಣಿಸಿದರೆ ಆಮ್ಲ ಹೆಚ್ಚಾಗಿ ಮೀಥೇನ್ ಮಾಡುವ ಜೀವಿಗಳು ಕೆಲಸ ನಿಲ್ಲಿಸುತ್ತವೆ, ನೊರೆ ಉಕ್ಕುತ್ತದೆ. ದ್ರಾವಣದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6.8ಕ್ಕಿಂತ ಇಳಿಯತೊಡಗಿದರೆ ಎರಡು ಮೂರು ದಿನ ಉಪವಾಸ ಹಾಕಿ ಸ್ವಲ್ಪ ಸುಣ್ಣದ ತಿಳಿ ಸೇರಿಸಬೇಕು. ಜ್ಯೂಸ್ ಅಂಗಡಿಯ ಕಿತ್ತಳೆ, ಮೋಸಂಬಿ ಸಿಪ್ಪೆಯ ರಾಶಿ ಹಾಕಬಾರದು, ಅದರ ಎಣ್ಣೆ ಆ ಜೀವಿಗಳಿಗೆ ವಿಷ. ಒಂದು ಮನೆಯ ಎರಡು ನಿಂಬೆ ಹೋಳಿನಿಂದ ಏನೂ ಆಗದು.

2016ರ ನಿಯಮಗಳು ದಿನಕ್ಕೆ 100 ಕೆಜಿಗಿಂತ ಹೆಚ್ಚು ಕಸ ಹುಟ್ಟುವ ಸಂಕೀರ್ಣಗಳನ್ನು ದೊಡ್ಡ ಉತ್ಪಾದಕರು ಎಂದು ಕರೆದವು. ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು. ಅಪಾರ್ಟ್‌ಮೆಂಟುಗಳು ಯಂತ್ರ ಕೊಳ್ಳುವುದು ಆಗ. 24 ಗಂಟೆಯಲ್ಲಿ ಗೊಬ್ಬರ ಎಂಬ ಮಾತಿಗೆ ಮರುಳಾಗಬೇಡಿ. ಆ ಯಂತ್ರಗಳಿಂದ ಹೊರಬರುವುದು ಕಾಯಿಸಿ ಒಣಗಿಸಿ ಪುಡಿಮಾಡಿದ ಆಹಾರ. ನೋಡಲು ಗೊಬ್ಬರದಂತೆಯೇ ಕಂದು ಬಣ್ಣ. ಕುಂಡಕ್ಕೆ ಹಾಕಿ ನೀರು ಬಿದ್ದೊಡನೆ ಮತ್ತೆ ಕೊಳೆಯತೊಡಗಿ, ಶಾಖ ಬಂದು, ಬೇರು ಸುಟ್ಟು ಗಿಡ ಬಾಡುತ್ತದೆ. ಕೊಚ್ಚಿ ಬೆರೆಸುವ ಯಂತ್ರವಾದರೆ ಆಮೇಲೆ ಕ್ರೇಟುಗಳಲ್ಲಿ ಎರಡು ವಾರವಾದರೂ, ಸಾಧ್ಯವಾದರೆ ತಿಂಗಳು, ಮಾಗಲು ಬಿಡಬೇಕು. ಯಂತ್ರಕ್ಕೆ ದುಡ್ಡು ಹಾಕಿದವರು ಆ ಕ್ರೇಟುಗಳಿಗೆ ಜಾಗ ಇಟ್ಟಿರುವುದಿಲ್ಲ. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಬಗೆಬಗೆಯ ಪದ್ಧತಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ಕೊಳ್ಳುವ ಮೊದಲು ಹೋಗಿ ನೋಡುವುದು ಒಳ್ಳೆಯದು.

ಮಾಗಿದೆಯೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಒಂದು ಹಿಡಿ ಗೊಬ್ಬರವನ್ನು ಒದ್ದೆ ಮಾಡಿ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಮೂರು ದಿನ ಇಡಿ. ತೆರೆದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು, ಹುಳಿ ನಾತ ಬಂದರೆ ಇನ್ನೂ ಕಾಯಬೇಕು. ಇನ್ನೊಂದು ಪರೀಕ್ಷೆ ಮೆಂತ್ಯದ್ದು: ಅರ್ಧ ಗೊಬ್ಬರ, ಅರ್ಧ ಮಣ್ಣಿನಲ್ಲಿ ಇಪ್ಪತ್ತು ಕಾಳು, ಬರಿ ಮಣ್ಣಿನಲ್ಲಿ ಇಪ್ಪತ್ತು ಕಾಳು. ಐದನೆಯ ದಿನ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಮೊಳಕೆ ಇರಬೇಕು.

ಹೊಲ

ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಸದ ಗೊಬ್ಬರಕ್ಕೂ ಅಳತೆಗೋಲಿದೆ. ಶೇ. 90 ಭಾಗ 4 ಮಿಲಿಮೀಟರ್ ಜರಡಿ ದಾಟಬೇಕು, ತೇವ ಶೇ. 15ರಿಂದ 25, ಇಂಗಾಲ ಸಾರಜನಕದ ಪ್ರಮಾಣ 20ಕ್ಕಿಂತ ಕಡಿಮೆ. ಸೀಸ ಕೆಜಿಗೆ 100 ಮಿಲಿಗ್ರಾಂ, ಪಾದರಸ ಬರೀ 0.15 ಮಿಲಿಗ್ರಾಂ ಮೀರಬಾರದು. ಪಾದರಸದ ಮಿತಿಯನ್ನು ಮನೆಯ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಸಿಎಫ್‌ಎಲ್ ಬಲ್ಬಿನಲ್ಲಿ ಮೂರು ಮಿಲಿಗ್ರಾಂ ಇದೆ ಎಂದುಕೊಂಡರೂ, ಒಂದು ಬಲ್ಬು ಹಸಿ ಕಸದಲ್ಲಿ ಒಡೆದರೆ 20 ಕೆಜಿ ಗೊಬ್ಬರ ಮಿತಿಯ ಅಂಚಿಗೆ ಬಂದಂತೆ. ಸೆಲ್ಲು, ಬಲ್ಬು, ಔಷಧಿ, ಬಣ್ಣದ ಡಬ್ಬಿ ಹಸಿ ಕಸದ ಹತ್ತಿರವೂ ಸುಳಿಯಬಾರದು.

ರಾಗಿ ಹೊಲಕ್ಕೆ ಎಕರೆಗೆ ಎರಡು ಟನ್ ಗೊಬ್ಬರ ಹಾಕಬೇಕೆಂದರೆ ನಮ್ಮ ಲೆಕ್ಕದ ಇಪ್ಪತ್ತು ಟಿಪ್ಪರ್ ಹಸಿ ಕಸ ಬೇಕು. ಮನೆಗೊಂದು ಕವರಿನಂತೆ ಅದರ ಜೊತೆ 75 ಕೆಜಿ ಪ್ಲಾಸ್ಟಿಕ್ ಘಟಕಕ್ಕೆ ಬರುತ್ತದೆ. ಬಹುಪಾಲು ಜರಡಿಯಲ್ಲಿ ಉಳಿದರೂ, ಉಳಿದದ್ದಕ್ಕೆ ಅಂಟಿದ ಗೊಬ್ಬರವೂ ಅದರ ಜೊತೆಗೇ ಕಸ ಹೂಳುವ ಭೂಭರ್ತಿಗೆ ಹೋಗುತ್ತದೆ. ದಾಟಿಹೋದ ಚೂರುಗಳು ಹೊಲಕ್ಕೆ. 2016ರಲ್ಲಿ ಕೇಂದ್ರ ಸರ್ಕಾರ ನಗರ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಸಹಾಯಧನ ಘೋಷಿಸಿತು, ಬೆಲೆ ಇಳಿಸಲು ಅದು ಬೇಕಿತ್ತು. ಆದರೆ ಚೀಲ ಬಿಚ್ಚಿದಾಗ ಗಾಜಿನ ಚೂರು ಕಂಡ ರೈತರು ಬೆಲೆ ಎಷ್ಟಿದ್ದರೂ ಎರಡನೆಯ ಸಲ ಕೊಳ್ಳುವುದಿಲ್ಲ. ಅವರು ಆ ಹೊಲದಲ್ಲಿ ಬರಿಗಾಲಲ್ಲಿ ಕಳೆ ಕೀಳುತ್ತಾರೆ, ಅವರ ಮಕ್ಕಳು ಅಲ್ಲೇ ಆಡುತ್ತಾರೆ.

ದುಡ್ಡಿನ ವಿಷಯದಲ್ಲಿ ಒಂದು ಮಾತು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವನ್ನೂ ವಸೂಲಿ ಮಾಡುತ್ತಾರೆ; ಮನೆಗಳಿಗೆ ಕಟ್ಟಡದ ವಿಸ್ತೀರ್ಣದ ಪ್ರಕಾರ ತಿಂಗಳಿಗೆ 10ರಿಂದ 400 ರೂಪಾಯಿ. ದಕ್ಷಿಣ ಕೊರಿಯಾ 2013ರಿಂದ ಆಹಾರ ತ್ಯಾಜ್ಯದ ಪ್ರಮಾಣಕ್ಕೆ ತಕ್ಕಂತೆ ದುಡ್ಡು ತೆಗೆದುಕೊಳ್ಳುತ್ತದೆ, ಹಾಗಾಗಿ ಅಲ್ಲಿನವರು ಸಾರು ಬಸಿದೇ ಹಾಕುತ್ತಾರೆ. ನಮ್ಮಲ್ಲಿ ಚೆನ್ನಾಗಿ ಬೇರ್ಪಡಿಸಿದ ಮನೆಗೂ ಎಲ್ಲ ಕಲಸಿ ಕೊಟ್ಟ ಮನೆಗೂ ಒಂದೇ ಶುಲ್ಕ. ಮನೆಯಲ್ಲೇ ಗೊಬ್ಬರ ಮಾಡುವವರಿಗೆ ರಿಯಾಯಿತಿ ಸಿಗಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾಲಕ್ಕೆ ತಕ್ಕ ಕಸ

ಹಸಿ ಕಸ ವರ್ಷವಿಡೀ ಒಂದೇ ರೀತಿ ಇರುವುದಿಲ್ಲ, ಎಲೆಯೂ ಬೇಕೆಂದಾಗ ಸಿಗುವುದಿಲ್ಲ. ಬೆಂಗಳೂರು, ಮೈಸೂರಿನ ಬೀದಿ ಮರಗಳು ಹೆಚ್ಚಾಗಿ ಎಲೆ ಉದುರಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ಎಲೆ ಹೆಚ್ಚಾಗಿ ಬೇಕಾಗುವುದು ಮಳೆಗಾಲದಲ್ಲಿ. ಆ ಮೂರು ತಿಂಗಳು ಗುಡಿಸಿದ ಎಲೆಗೆ ಬೆಂಕಿ ಹಚ್ಚದೆ ಗೋಣಿಚೀಲಗಳಲ್ಲಿ ತುಂಬಿ, ನೆಲದಿಂದ ಎತ್ತರಿಸಿ, ಮಳೆ ತಾಗದ ಕಡೆ ಇಟ್ಟರೆ ದಸರೆಯವರೆಗೂ ಬರುತ್ತದೆ. 80 ಕೆಜಿ ಹಸಿ ಕಸದ ಅಪಾರ್ಟ್‌ಮೆಂಟಿಗೆ ದಿನಕ್ಕೆ 27 ಕೆಜಿ ಎಲೆ ಬೇಕು, ಇದನ್ನು ಲೆಕ್ಕ ಹಾಕದವರೇ ಜುಲೈನಲ್ಲಿ ನಾತದ ದೂರು ಕೇಳುವುದು. ಹೊಂಗೆ, ಗುಲ್‌ಮೊಹರ್ ಎಲೆ ಬೇಗ ಕರಗುತ್ತವೆ. ಮಾವು, ಹಲಸಿನ ಎಲೆ ದಪ್ಪ, ಪುಡಿಮಾಡಿಯೇ ಹಾಕಬೇಕು. ಎಲೆ ಮುಗಿದರೆ ತೆಂಗಿನ ನಾರಿನ ಪುಡಿ ಆದೀತು, ಆದರೆ ದುಡ್ಡು ಕೊಡಬೇಕು.

ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಸಿಪ್ಪೆ. ಎರಡು ಕೆಜಿ ಕಾಯಿ ಬಿಡಿಸಿದರೆ ಬುಟ್ಟಿಯೇ ತುಂಬುತ್ತದೆ, ಹಿದುಕಿದ ಮೇಲಿನ ಸಿಪ್ಪೆ ಬೇರೆ. ಕಾಯಿಯ ಸಿಪ್ಪೆ ಹಗುರ, ಗಾಳಿಯಾಡುತ್ತದೆ, ಗೊಬ್ಬರಕ್ಕೆ ಅಷ್ಟು ಒಳ್ಳೆಯದು ಬೇರೆ ಇಲ್ಲ. ನೆನೆಸಿ ಹಿದುಕಿದ ಸಿಪ್ಪೆ ಮಾತ್ರ ಲೋಳೆಯಾಗಿ ಅಂಟಿಕೊಳ್ಳುವುದರಿಂದ ಬಸಿದು ಹಾಕಬೇಕು. ಮೇ ತಿಂಗಳಲ್ಲಿ ಮಾವಿನ ವಾಟೆ, ಹಲಸಿನ ರಚ್ಚೆ. ವಾಟೆ ಕೊಳೆಯಲು ನಿಧಾನ, ಜರಡಿಯಲ್ಲಿ ಉಳಿದದ್ದನ್ನು ಮತ್ತೆ ಹೊಸ ರಾಶಿಗೆ ಹಾಕಿದರಾಯಿತು.

ಆಯುಧಪೂಜೆಯ ಮರುದಿನ ಇಡೀ ರಾಜ್ಯದಲ್ಲಿ ಗಾಡಿಗಳು ತತ್ತರಿಸುತ್ತವೆ. ಅಂಗಡಿ, ಗ್ಯಾರೇಜು, ಬಸ್ಸು ಎಲ್ಲೆಲ್ಲೂ ಬಾಳೆಕಂಬ, ಚೆಂಡುಹೂ, ಒಡೆದ ಬೂದುಗುಂಬಳ. ಕುಂಬಳಕಾಯಿಯೊಳಗಿನ ನಾಣ್ಯ ತೆಗೆದು, ಹೂವಿನ ನೈಲಾನ್ ದಾರ ಎಳೆದು ಬೇರೆ ಮಾಡಿ. ಹೂವನ್ನು ಬೇರೆ ಚೀಲದಲ್ಲಿ ಕೊಟ್ಟರೆ ಅದು ಚೆನ್ನಾಗಿ ಕೊಳೆಯುತ್ತದೆ. ಬಾಳೆಕಂಬವನ್ನು ಇಡಿಯಾಗಿ ಗಾಡಿಗೆ ತುರುಕಬೇಡಿ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಉಳಿದದ್ದು ನಾರು. ಆ ನಾರು ಯಂತ್ರದ ತಿರುಗುವ ದಂಡಕ್ಕೆ ಹಗ್ಗದಂತೆ ಸುತ್ತಿಕೊಂಡು ಬೇರಿಂಗ್ ಸುಡುತ್ತದೆ. ಒಂದು ದಿನ ಬಿಸಿಲಿಗೆ ಒರಗಿಸಿ ನೀರಿಳಿಯಲು ಬಿಟ್ಟು, ಮಚ್ಚಿನಿಂದ ಎರಡು ಅಂಗುಲದ ಬಿಲ್ಲೆಗಳಾಗಿ ಅಡ್ಡಕ್ಕೆ ಕತ್ತರಿಸಿ, ಉದ್ದಕ್ಕೆ ಸೀಳಬೇಡಿ.